ಹೆಸರಿಗೆ ಮಾತ್ರ ಬೇಸಿಗೆ

ಶಿವರಾತ್ರಿಗೆ ಅಂತ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಂದ ಅಕ್ಕನ ಮಗಳು ನಿನ್ನೆಯಿಂದ ಅಟ್ಟ ಇಳಿದಿಲ್ಲ. ಮನೆಯಲ್ಲಿ ಸಿಗ್ನಲ್ ಸಿಗೋದು ಅಲ್ಲೊಂದೇ ಕಡೆ. ಏನೇ ಅದು ಅಂದ್ರೆ, "ಗೂಗಲ್ ಸಮ್ಮರ್ ಆಫ್ ಕೋಡ್ ಮಾವ, ಈ ವರ್ಷದ ಸಂಸ್ಥೆಗಳ ಪಟ್ಟಿ ಬಿಟ್ಟಿದ್ದಾರೆ" ಅಂದಳು.

ಓಪನ್ ಸೋರ್ಸ್ ಯೋಜನೆಗಳಿಗೆ, ಅಂದ್ರೆ ಯಾರು ಬೇಕಾದ್ರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗಳಿಗೆ, ಹೊಸಬರ ಕೈಲಿ ಕೋಡ್ ಬರೆಸೋ ಕಾರ್ಯಕ್ರಮ ಇದು, 2005ರಿಂದ ನಡೀತಿರೋದಂತೆ. ಹುಡುಗರನ್ನ ಆರಿಸ್ತಾರೆ ಅಂತಷ್ಟೇ ನಾನು ತಿಳ್ಕೊಂಡಿದ್ದೆ. ಅದಕ್ಕೂ ಮೊದಲು ಓಪನ್ ಸೋರ್ಸ್ ಯೋಜನೆಗಳೇ ಅರ್ಜಿ ಹಾಕಬೇಕು: ನಮ್ಮಲ್ಲಿ ಇಂಥಿಂಥ ಕೆಲಸ ಬಾಕಿ ಇದೆ, ಹೇಳಿಕೊಡೋಕೆ ಇಷ್ಟು ಜನ ಇದ್ದೀವಿ ಅಂತ. ಹೋದ ವರ್ಷ ಇದ್ದವರೂ ಮತ್ತೆ ಕೇಳಬೇಕು. ಅಡಿಕೆ ಕೊನೆ ಕೊಯ್ಯೋ ಕೊನೆಗಾರ ಸಿಗೋ ಮುಂಚೆ ತೋಟದ ಯಜಮಾನನೇ ಪರೀಕ್ಷೆಗೆ ಕೂತ ಹಾಗೆ! ನಮ್ಮೂರಲ್ಲೂ ಈ ಪದ್ಧತಿ ಇದ್ದಿದ್ರೆ ಎಷ್ಟು ಜನ ಪಾಸಾಗ್ತಿದ್ರೋ. (ನಾನಂತೂ ಡೌಟು.)

2022ರಿಂದ ವಿದ್ಯಾರ್ಥಿಗಳೇ ಆಗಬೇಕು ಅಂತಿಲ್ಲ, 18 ತುಂಬಿದ ಹೊಸಬರಿಗೂ ಬಾಗಿಲು ತೆರೆದಿದೆ. ಕೆಲಸ 175 ಗಂಟೆಯದ್ದೂ ಇದೆ, 350ರದ್ದೂ ಇದೆ. ದುಡ್ಡು ಗೂಗಲ್‌ನದು, ತಿದ್ದಿ ಹೇಳೋರು ಆ ಯೋಜನೆಯವರೇ.

ಕೋಡ್ ಬರೆಯೋ ಕಾಲ ಮಾತ್ರ ಜೂನ್, ಜುಲೈ, ಆಗಸ್ಟ್. ಸಮ್ಮರ್ ಅಂತ ಹೆಸರಿಟ್ಟೋರು ಆಗುಂಬೆ ಕಡೆಯ ಆಷಾಢ ನೋಡಿಲ್ಲ ಬಿಡಿ. ಮರ ಬಿದ್ದು ಕರೆಂಟ್ ಹೋದ್ರೆ ಮೂರು ದಿನ ಬರಲ್ಲ. ಅದಕ್ಕೇ ಈಗಲೇ ಯುಪಿಎಸ್ ಬ್ಯಾಟರಿ ರೇಟು ವಿಚಾರಿಸ್ತಿದ್ದಾಳೆ. ಅರ್ಜಿ ಇನ್ನೂ ಬರೆದಿಲ್ಲ.

ಕೆಳಗಿಂದ ಅಕ್ಕ ಕೂಗ್ತಿದ್ದಾಳೆ, ಕಾಳುಮೆಣಸು ಹರವೋಕೆ ಇಬ್ಬರೂ ಬರಬೇಕಂತೆ.