ತೂಕಡಿಸುವ ಕೋಳಿಗೆ ಎಷ್ಟು ದಿನ ಕಾಯಬೇಕು?

"ಕೋಳಿ ತೂಕಡಿಸುತ್ತಿದೆ, ಏನಾದರೂ ಔಷಧ ಕೊಡಿ" ಎಂದು ಮಂಕರಿ ಹೊತ್ತು ಬಂದವರಿಗೆ ಔಷಧ ಬರೆದುಕೊಡುವುದು ಸುಲಭ. ಇದು ಉಳಿಯುವುದಿಲ್ಲ, ಇವತ್ತೇ ಮುಗಿಸಿಬಿಡೋಣ ಎಂದು ಹೇಳುವುದು ಕಷ್ಟ. ಹಳ್ಳಿಯ ಪಶು ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ಎಲ್ಲಿಯವರೆಗೆ ಕಾಯುವುದು ಎಂಬುದನ್ನು ಚಿಕಿತ್ಸೆ ಶುರುವಾಗುವ ದಿನವೇ ಮನೆಯವರೊಂದಿಗೆ ಕೂತು ಗೊತ್ತುಮಾಡಿಕೊಳ್ಳಬೇಕು. ಗಡುವು ಇಲ್ಲದಿದ್ದರೆ "ನಾಳೆ ನೋಡೋಣ" ಎನ್ನುವುದೇ ನಡೆಯುತ್ತದೆ, ಕೋಳಿ ಗೂಡಿನ ಮೂಲೆಯಲ್ಲಿ ಇಂಚಿಂಚಾಗಿ ಸಾಯುತ್ತದೆ.

ಗಡುವನ್ನು ಯಾವುದರ ಮೇಲೆ ಹಾಕುವುದು? ನಾನು ನಂಬುವುದು ಮೇವಿನ ಚೀಲವನ್ನು. ಕೋಳಿಯ ಕತ್ತು ಎದೆಗೆ ಸೇರುವಲ್ಲಿ, ತುಸು ಬಲಕ್ಕೆ ಅದಿರುತ್ತದೆ. ಸಂಜೆ ಗೂಡಿಗೆ ಹೋಗುವ ಹೊತ್ತಿನಲ್ಲಿ ಬೆರಳಿಟ್ಟು ನೋಡಿದರೆ ಆರೋಗ್ಯವಂತ ಕೋಳಿಯಲ್ಲಿ ರಾಗಿ, ಜೋಳ, ನುಚ್ಚು ಕೈಗೆ ಸಿಗುತ್ತದೆ. ಬೆಳಗಾಗುವಷ್ಟರಲ್ಲಿ ಅದು ಖಾಲಿಯಾಗಿರುತ್ತದೆ. "ಮೇಯುತ್ತಲೇ ಇದೆ" ಎಂದು ಮನೆಯವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಕಾಯಿಲೆಯ ಕೋಳಿ ಉಳಿದವುಗಳ ಜೊತೆ ನಿಂತು ನೆಲ ಕುಕ್ಕುತ್ತದೆ, ಏನನ್ನೂ ನುಂಗುವುದಿಲ್ಲ. ಬಲಹೀನವಾಗಿದೆ ಎಂದು ತೋರಗೊಟ್ಟರೆ ಹಿಂಡಿನವೇ ಅದನ್ನು ಕುಕ್ಕಿ ಹಿಂಸಿಸುತ್ತವೆ. ಹಾಗಾಗಿ ಸಂಜೆ ಬೆರಳಿಟ್ಟು ನೋಡಿ ಎನ್ನುತ್ತೇನೆ. ಚಿಕಿತ್ಸೆ ನಡೆದಿದ್ದೂ ಎರಡು ಸಂಜೆ ಚೀಲ ಖಾಲಿ, ಎದೆಮೂಳೆ ಕತ್ತಿಯ ಅಂಚಿನಂತೆ ಕೈಗೆ ತಾಗುತ್ತಿದೆ, ನೀರಿನ ಬಳಿಗೆ ತಾನಾಗಿ ಹೋಗುತ್ತಿಲ್ಲ ಎಂದಾದರೆ ಅಲ್ಲಿಗೆ ನಿಲ್ಲಿಸುವುದು ಲೇಸು. ಬೆಳಿಗ್ಗೆಯೂ ಚೀಲ ಗಟ್ಟಿಯಾಗಿಯೇ ಇದ್ದರೆ ಸಂಗತಿ ಬೇರೆ: ಮೇವು ಸಿಕ್ಕಿಕೊಂಡಿದೆ, ಅದಕ್ಕೆ ಉಪಾಯವಿದೆ, ತಡಮಾಡದೆ ತನ್ನಿ.

ನೋಡಲು ಭಯ ಹುಟ್ಟಿಸುವುದೆಲ್ಲ ಕೊಲ್ಲಬೇಕಾದ ಕಾಯಿಲೆಯಲ್ಲ. ಸಿಡುಬು ಬಂದ ಕೋಳಿಯ ಜುಟ್ಟು, ಕಣ್ಣಿನ ಸುತ್ತ ಕಪ್ಪು ಹಕ್ಕಳೆ ಕಟ್ಟಿ ವಿಕಾರವಾಗಿ ಕಾಣುತ್ತದೆ. ಸೊಳ್ಳೆಯಿಂದ ಹರಡುವ ಈ ರೋಗ ಬಾಯೊಳಗೆ ಇಳಿದು ಉಸಿರು ಕಟ್ಟಿಸದಿದ್ದರೆ ಮೂರು ನಾಲ್ಕು ವಾರಗಳಲ್ಲಿ ತಾನೇ ವಾಸಿಯಾಗುತ್ತದೆ. ಕಣ್ಣು ಮುಚ್ಚಿಹೋಗಿದ್ದರೆ ಅಷ್ಟು ದಿನ ಕೈಯಾರೆ ತಿನ್ನಿಸಿದರಾಯಿತು. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡು ಗಾಬರಿಯಾಗುತ್ತಾರೆ. ರಕ್ತಭೇದಿಗೆ ಆಂಪ್ರೋಲಿಯಮ್ ಎಂಬ ಔಷಧ ಬೇಗ ಸಿಕ್ಕಿದರೆ ಬಹಳಷ್ಟು ಮರಿ ಬದುಕುತ್ತವೆ.

ಮಾರೆಕ್ಸ್ ಕಾಯಿಲೆ ಇದಕ್ಕೆ ತದ್ವಿರುದ್ಧ. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಬಿದ್ದಿರುವ ಎಳೆಯ ಹೇಂಟೆಯ ಕಣ್ಣು ಎಷ್ಟೋ ಸಲ ಚುರುಕಾಗಿಯೇ ಇರುತ್ತದೆ, ಕಾಳು ಹಿಡಿದರೆ ತಿನ್ನುತ್ತದೆ. ವೈರಸ್ ನರಗಳನ್ನೇ ಹಿಡಿದಿದೆ, ಔಷಧವಿಲ್ಲ. ಲಸಿಕೆ ಇರುವುದು ಮೊಟ್ಟೆಯೊಡೆದ ದಿನಕ್ಕೆ. ಮನೆಯಲ್ಲೇ ಕಾವಿಗೆ ಕೂರಿಸಿದ ಮರಿಗೆ ಅದನ್ನು ಹಾಕಿಸುವವರಿಲ್ಲ. ತಿನ್ನುವ ಕೋಳಿಯನ್ನು ಕೊಲ್ಲಿ ಎಂದು ಹೇಳಲು ನನಗೆ ಇಂದಿಗೂ ನಾಲಿಗೆ ಏಳುವುದಿಲ್ಲ. ಆದರೂ ಹೇಳುತ್ತೇನೆ. ತನ್ನ ಹಿಕ್ಕೆಯ ಮೇಲೆಯೇ ಮಲಗಿ, ಇರುವೆ ಮುತ್ತಿದರೂ ಸರಿಯಲಾರದೆ, ಬೇರೆ ಕೋಳಿಗಳ ತುಳಿತಕ್ಕೆ ಸಿಗುವ ಜೀವಕ್ಕೆ ನಾವು ತಿನ್ನಿಸುವ ಕಾಳು ನೋವಿನ ದಿನಗಳನ್ನು ಕೂಡಿಸುತ್ತದೆ, ಅಷ್ಟೇ.

ಕೊಕ್ಕರೆ ರೋಗದಲ್ಲಿ, ಅಂದರೆ ರಾಣಿಖೇತ್‌ನಲ್ಲಿ, ಒಂದು ಕೋಳಿಯ ಲೆಕ್ಕ ಸಾಲದು, ಊರನ್ನೇ ನೋಡಬೇಕಾಗುತ್ತದೆ. ಹಸಿರು ಬೆರೆತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಸೊಟ್ಟಗೆ ತಿರುಗಿದ ಕತ್ತು ಕಂಡಮೇಲೆ ಆ ಕೋಳಿಗೆ ಲಸಿಕೆಯಿಂದ ಪ್ರಯೋಜನವಿಲ್ಲ. ಇಂಥ ಹೊತ್ತಿನಲ್ಲಿ ಜನ ಮಾಡುವ ಕೆಲಸ ನನ್ನನ್ನು ನಿಜಕ್ಕೂ ಕೆರಳಿಸುತ್ತದೆ: ಇನ್ನೂ ನಿಂತಿರುವ ಕೋಳಿಗಳನ್ನು ಬಂದಷ್ಟಕ್ಕೆ ಸಂತೆಯಲ್ಲಿ ಮಾರಿಬಿಡುತ್ತಾರೆ. ಆ ಸಂಜೆಯೇ ರೋಗ ಹತ್ತು ಊರು ಸೇರುತ್ತದೆ. ಬಡ ಮನೆಯ ನಷ್ಟ ನನಗೆ ಅರ್ಥವಾಗುತ್ತದೆ, ಆದರೆ ಕೊಂಡವಳೂ ಬಡವಳೇ.

ಹಳ್ಳಿಯಲ್ಲಿ ಕೋಳಿ ಕೊಯ್ಯಲು ಯಾರೂ ಹಿಂಜರಿಯುವುದಿಲ್ಲ, ಸುಮ್ಮನೆ ಕೊಲ್ಲಲು ಹಿಂಜರಿಯುತ್ತಾರೆ. ಸಾರಿಗಾದರೆ ಸರಿ, ಹೂಳಲಿಕ್ಕಾದರೆ ಪಾಪ. ಹೀಗಾಗಿ ನರಳುವ ಕೋಳಿಯನ್ನು ಬೇಲಿಯಾಚೆ ಬಿಟ್ಟುಬರುತ್ತಾರೆ, ಇಲ್ಲವೇ ಔಷಧ ಕುಡಿಸಿದ್ದನ್ನೇ ಸಾಯುವ ಮುಂಚೆ ಕೊಯ್ದು ತಿನ್ನುತ್ತಾರೆ. ಎರಡೂ ಕೂಡದು. ಒಂದು ಮನೆಯಲ್ಲಿ ಮಾರಮ್ಮನಿಗೆ ಹರಕೆ ಬಿಟ್ಟ ಹುಂಜ ಕತ್ತು ತಿರುಚಿಕೊಂಡು ಗಿರಗಿರನೆ ಸುತ್ತುತ್ತಿತ್ತು. ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಆ ಮನೆಯ ಹಿರಿಯಜ್ಜಿ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಸುತ್ತಿ ಮುಡಿಪು ಕಟ್ಟಿಟ್ಟು, "ತಾಯಿಗೆ ಬೇರೆ ಕೋಳಿ ಕೊಡುತ್ತೇವೆ, ಇದರ ಸಂಕಟ ತೀರಿಸು" ಎಂದು ನನ್ನ ಕೈಗೆ ಕೊಟ್ಟರು. ಅವರ ಆ ನಿರ್ಧಾರವನ್ನು ಆಮೇಲೆ ಬೇರೆ ಊರುಗಳಲ್ಲೂ ಹೇಳಿದ್ದೇನೆ. ಕೇಳಿದವರ ಮುಖ ಹಗುರಾಗಿದ್ದನ್ನು ನೋಡಿದ್ದೇನೆ.

ಮೂರು ಕಿಲೋದೊಳಗಿನ ಕೋಳಿಯ ಕತ್ತಿನ ಮೂಳೆಯನ್ನು ಕಳಚುವುದು, ಕಲಿತ ಕೈಯಾದರೆ, ಕ್ಷಣದ ಕೆಲಸ. ಕಲಿಯದವರು ಪ್ರಯೋಗ ಮಾಡಬಾರದು, ಆಸ್ಪತ್ರೆಗೆ ತರಬೇಕು. ಗಿರಿರಾಜದಂಥ ದಪ್ಪ ಹುಂಜವಾದರಂತೂ ತರಲೇಬೇಕು. ಪ್ರಾಣ ಹೋದ ಮೇಲೂ ರೆಕ್ಕೆ ಸ್ವಲ್ಪ ಹೊತ್ತು ಬಡಿಯುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೋಳಿ ಒದ್ದಾಡುತ್ತಿದೆ ಎಂದುಕೊಂಡು ಮಕ್ಕಳು ಅಳುತ್ತಾರೆ. ಉಸಿರು ನಿಂತಿದೆ, ಕಣ್ಣುಗುಡ್ಡೆಯನ್ನು ಮೆಲ್ಲನೆ ಮುಟ್ಟಿದರೆ ರೆಪ್ಪೆ ಅಲುಗುವುದಿಲ್ಲ ಎಂದು ಖಚಿತವಾದ ಮೇಲೆಯೇ ಬಾವಿ, ಕೆರೆಗಳಿಂದ ದೂರ, ನಾಯಿ ಕೆದಕದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳುವುದು.

ಇಷ್ಟೆಲ್ಲ ನಿರ್ಧಾರ ನಮ್ಮ ಕೈಯಲ್ಲಿಲ್ಲದ ಸಂದರ್ಭವೊಂದಿದೆ. ಒಂದೆರಡು ದಿನದಲ್ಲಿ ಕೋಳಿಗಳು ಸಾಲುಸಾಲಾಗಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಕೊಯ್ಯಬೇಡಿ, ಮಾರಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ. ಅದು ಹಕ್ಕಿಜ್ವರ ಇರಬಹುದು, ಅದರ ಪರೀಕ್ಷೆ ನಡೆಯುವುದು ಭೋಪಾಲದ ಪ್ರಯೋಗಾಲಯದಲ್ಲಿ. ಖಚಿತವಾದರೆ ರೋಗ ಕಂಡ ಜಾಗದಿಂದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಲಾಗುತ್ತದೆ. 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಈ ರೋಗ ಕಾಣಿಸಿಕೊಂಡಿತ್ತು. ಪರಿಹಾರ ಸಿಗುವುದು ಹೀಗೆ ಕೊಂದ ಕೋಳಿಗೆ, ಅದಕ್ಕೂ ಮೊದಲೇ ಸತ್ತದ್ದಕ್ಕಲ್ಲ. ಮುಚ್ಚಿಟ್ಟವರಿಗೆ ಎರಡೂ ಕಡೆಯಿಂದ ನಷ್ಟ.

ರೋಗ ಬಾರದಂತೆ ತಡೆಯಲು ನನ್ನ ಮಟ್ಟಿಗೆ ದೊಡ್ಡ ಅಡ್ಡಿ ಬೇರೆಯದೇ. ಕೊಕ್ಕರೆ ರೋಗದ ಲಸಿಕೆಯ ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಬಳಸಿಬಿಡಬೇಕು. ಹತ್ತು ಕೋಳಿಯ ಮನೆಗೆ ಸೀಸೆ ಒಡೆಯಲು ಯಾರೂ ಮುಂದಾಗುವುದಿಲ್ಲ. ಅದಕ್ಕೇ ಈಗ ಸ್ತ್ರೀಶಕ್ತಿ ಸಂಘಗಳ ಮೂಲಕ ಬೀದಿಗೊಂದು ಬೆಳಗ್ಗೆ ಗೊತ್ತುಮಾಡುತ್ತೇವೆ. ಹಿಂದಿನ ರಾತ್ರಿ ಗೂಡಿಗೆ ಹೋದ ಕೋಳಿಗಳನ್ನು ಹೊರಬಿಡದೆ ತಂದರೆ ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಲಸೋಟ ಎಂಬ ಲಸಿಕೆಯ ಹನಿ, ಎಂಟು ವಾರ ತುಂಬಿದವಕ್ಕೆ ಅದೇ ರೋಗದ ಆರ್‌ಟುಬಿ ಲಸಿಕೆಯ ಚುಚ್ಚುಮದ್ದು. ನಿಮ್ಮ ಬೀದಿಯಲ್ಲಿ ನೂರು ಕೋಳಿ ಒಟ್ಟುಗೂಡುವಂತಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ದಿನ ಕೇಳಿ.