ಹಲಸಿನ ಮರ ಮತ್ತು ಫ್ರೀ ಟಿಕೆಟ್

ಬೆಳಿಗ್ಗೆ ಹಾಸನದಿಂದ ಬೇಲೂರು ಬಸ್. ಪಕ್ಕದ ಸೀಟಲ್ಲಿ ಒಬ್ರು ಅಜ್ಜಿ, ಫೋನಲ್ಲಿ ಜೋರಾಗಿ ಹೇಳ್ತಿದ್ರು, "ಮನೆ ಮಾರಿದ್ದು ಹೌದು ಕಣವ್ವ, ಹಲಸಿನ ಮರ ಮಾರಿಲ್ಲ, ಅದು ಇವತ್ತಿಗೂ ನಮ್ದೇಯ".

ಅಷ್ಟೇ. ಹಗರೆ ಬಂತು, ಇಳಿದು ಹೋದ್ರು.

ಬ್ಯಾಗಲ್ಲಿ ನೋಟ್‌ಬುಕ್ ಇರ್ಲಿಲ್ಲ (ಕಥೆ ಬರೆಯೋಳು ಅಂತ ಹೇಳ್ಕೊಳ್ಳೋದು ಬೇರೆ!), ಶಕ್ತಿ ಯೋಜನೆ ಸೊನ್ನೆ ರೂಪಾಯಿ ಟಿಕೆಟ್ ಹಿಂದೆನೇ ಗೀಚ್ಕೊಂಡೆ.

ಮೊನ್ನೆ ಒಬ್ಳು ಹುಡುಗಿ ಮೆಸೇಜ್ ಮಾಡಿದ್ಲು, ಅಕ್ಕಾ ಕಥೆಗೆ ಐಡಿಯಾ ಎಲ್ಲಿಂದ ಬರುತ್ತೆ ಅಂತ. ದೊಡ್ಡದಾಗಿ ಏನೇನೋ ಟೈಪ್ ಮಾಡಿ ಡಿಲೀಟ್ ಮಾಡಿದ್ದೆ. ಇವತ್ತು ಹೇಳ್ತೀನಿ, ಬಸ್ಸಲ್ಲಿ ಇಯರ್‌ಫೋನ್ ತೆಗಿ ಮಾರಾಯ್ತಿ. ಆಮೇಲೆ ಆತುರ ಬೇಡ, ನಮ್ಮ ಹಾಸನದ ಬಾನು ಮುಷ್ತಾಕ್ ಅವ್ರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ತಂದ ಪುಸ್ತಕದಲ್ಲಿ ಇರೋದು 12 ಕಥೆ, ಬರೆದಿದ್ದು 30 ವರ್ಷಕ್ಕೂ ಹೆಚ್ಚು ಕಾಲದಲ್ಲಿ, ಅದೂ ವಕೀಲಿಕೆ ಮಾಡ್ಕೊಂಡು. ನಾನಿಲ್ಲಿ ಒಂದು ಕಥೆಗೆ ಮೂರು ತಿಂಗಳಾಯ್ತು ಅಂತ ಅಳ್ತಾ ಕೂತಿದ್ದೀನಿ.

ಟಿಕೆಟ್ ಈಗ ಮೊಬೈಲ್ ಕವರ್ ಒಳಗಿದೆ. ಸೀಸನ್ನಲ್ಲಿ ಅಜ್ಜಿ ಹಣ್ಣು ಕೇಳೋಕೆ ಹೋಗ್ತಾರಾ, ಹೊಸ ಮನೆಯವ್ರು ಗೇಟ್ ತೆಗೀತಾರಾ... ರಾತ್ರಿ ಕೂತು ನೋಡ್ಬೇಕು.