ರವೀಂದ್ರರಿಗೆ ಡಾಕ್ಟರರು ಹೇಳಿದ ಸುಳ್ಳು

1941ರ ಜುಲೈ 30ರ ಬೆಳಗ್ಗೆ ಕಲ್ಕತ್ತದ ಜೋಡಾಸಾಂಕೋ ಮನೆಯಲ್ಲಿ ರವೀಂದ್ರನಾಥ ಠಾಕೂರರು ಮಲಗಿದಲ್ಲಿಂದಲೇ, ಆರೈಕೆಗಿದ್ದ ರಾಣಿ ಚಂದ ಅವರಿಗೆ ಒಂದು ಕವಿತೆ ಬರೆಸಿದರು. ತಿದ್ದುವುದು ಸ್ವಲ್ಪ ಇದೆ, ಇರಲಿ, ಆಪರೇಷನ್ ಆದಮೇಲೆ ತಲೆ ಇನ್ನಷ್ಟು ತಿಳಿಯಾಗುತ್ತದೆ ಅಂತ ಡಾಕ್ಟರರು ಹೇಳುತ್ತಿದ್ದಾರಲ್ಲ, ಆಗ ನೋಡೋಣ ಎಂದರಂತೆ. ಆಪರೇಷನ್ ಅವತ್ತೇ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ವರಾಂಡದಲ್ಲಿ ಎಲ್ಲ ಸಜ್ಜಾಗಿತ್ತು. ಸರ್ಜನ್ ಲಲಿತ್ ಮೋಹನ್ ಬ್ಯಾನರ್ಜಿ ಬಂದು, ಇವತ್ತು ದಿನ ಚೆನ್ನಾಗಿದೆ, ಇವತ್ತೇ ಮುಗಿಸಿಬಿಡೋಣವೇ ಎಂದು ಕೇಳಿದಾಗ ಕವಿ ಒಂದು ಗಳಿಗೆ ಬೆಚ್ಚಿದರು. ಆಮೇಲೆ, ಹೀಗೆ ಆಗಿಬಿಡುವುದೇ ಒಳ್ಳೆಯದು ಎಂದರು.

ಸರ್ಜಿಕಲ್ ವಾರ್ಡಿನಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಇದನ್ನು ಮೊದಲ ಸಲ ಓದಿದಾಗ ಸಿಟ್ಟು ಬಂದಿತ್ತು. ಈಗಲೂ ಬರುತ್ತದೆ.

ಅವರ ಡಾಕ್ಟರರು ಹೊರಗಿನವರೇನಲ್ಲ. ನೀಲರತನ ಸರ್ಕಾರ್ ಹಳೆಯ ಸ್ನೇಹಿತರು. 1937ರ ಸೆಪ್ಟೆಂಬರಿನಲ್ಲಿ ಶಾಂತಿನಿಕೇತನದಲ್ಲಿ ಕವಿ ಎಚ್ಚರ ತಪ್ಪಿದಾಗ ಚಿಕಿತ್ಸೆ ಮಾಡಿ ಉಳಿಸಿದ್ದು ಅವರೇ. ಮರುವರ್ಷ ಬಂದ ‘ಸೆಂಜುತಿ’ ಸಂಕಲನವನ್ನು ಕವಿ ಅವರಿಗೇ ಅರ್ಪಿಸಿದರು. 1940ರಲ್ಲಿ ಕಾಲಿಂಪಾಂಗಿನಲ್ಲಿ ಮತ್ತೆ ಮಲಗಿದಾಗ ಕಾಯಿಲೆ ಬೇರೆ. ನಮ್ಮ ವಾರ್ಡಿನಲ್ಲಿ ಅರ್ಧ ಹಾಸಿಗೆ ತುಂಬುತ್ತಿದ್ದದ್ದು ಅದೇ ಕಾಯಿಲೆಯಿಂದ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ದಪ್ಪವಾಗಿ ಮೂತ್ರದ ದಾರಿ ಒತ್ತಿಹೋಗುತ್ತದೆ. ಮೂತ್ರ ಹಿಂದಕ್ಕೆ ನಿಂತು ಕಿಡ್ನಿ ಕೆಡುತ್ತದೆ, ರಕ್ತದಲ್ಲಿ ನಂಜು ಏರುತ್ತದೆ. ಇವತ್ತು ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಒಳಗಿನ ಗಡ್ಡೆ ಕೆರೆದು ತೆಗೆಯುತ್ತಾರೆ. ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾರೆ. ಕವಿಗೆ ಆಗಿದ್ದು ಸೂಪ್ರಾಪ್ಯೂಬಿಕ್. ಹೊಟ್ಟೆಯ ಕೆಳಭಾಗ ಕೊಯ್ದು ಮೂತ್ರಕೋಶಕ್ಕೆ ನೇರವಾಗಿ ನಳಿಗೆ ಇಡುವುದು. ಪೆನಿಸಿಲಿನ್ ಇಂಜೆಕ್ಷನ್ನನ್ನು ಆಕ್ಸ್‌ಫರ್ಡಿನಲ್ಲಿ ಒಬ್ಬ ರೋಗಿಗೆ ಕೊಟ್ಟು ನೋಡಿದ್ದೇ ಆ ವರ್ಷದ ಫೆಬ್ರವರಿಯಲ್ಲಿ. ಗಾಯಕ್ಕೆ ನಂಜೇರಿದರೆ ಸಲ್ಫಾ ಮಾತ್ರೆಗಿಂತ ಹೆಚ್ಚಿನದೇನೂ ಕೈಯಲ್ಲಿರಲಿಲ್ಲ. ರೋಗಿಗೆ ಎಂಬತ್ತು ವರ್ಷ.

ಇನ್ನೊಬ್ಬ ಡಾಕ್ಟರು ಬಿಧಾನ್ ಚಂದ್ರ ರಾಯರು ಆಪರೇಷನ್ ಆಗಲೇಬೇಕು ಎಂದರು. ನೀಲರತನರಿಗೆ ಮನಸ್ಸಿರಲಿಲ್ಲ. ಶಾಂತಿನಿಕೇತನದಲ್ಲಿ ಕವಿರಾಜ, ಅಂದರೆ ಆಯುರ್ವೇದ ವೈದ್ಯ, ಬಿಮಲಾನಂದರ ಔಷಧ ನಡೆದಿತ್ತು. ಕವಿಗಂತೂ ಮೈ ಕೊಯ್ಯಿಸಿಕೊಳ್ಳುವ ಆಸೆಯೇ ಇರಲಿಲ್ಲ, ಒಣಗಿದ ಎಲೆ ಉದುರುವಂತೆ ಹೋಗಬೇಕು ಎನ್ನುತ್ತಿದ್ದರು. ಮಗ ರಥೀಂದ್ರನಾಥರ ತಲೆಯ ಮೇಲೆ ಬಿದ್ದ ಭಾರ ಎಂಥದ್ದಿರಬೇಕು! ಬಿಧಾನ್ ರಾಯರ ಕಡೆ ನ್ಯಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಮೂತ್ರ ಕಟ್ಟಿದವರ ಒದ್ದಾಟ ನೋಡಿದವರು ಯಾರೂ ಸುಮ್ಮನೆ ಕೈಕಟ್ಟಿ ಕೂರಲಾರರು.

ನನ್ನ ತಕರಾರು ಆ ತೀರ್ಮಾನದ ಬಗ್ಗೆ ಅಲ್ಲ. ಆಪರೇಷನ್ ಹೇಗಿರುತ್ತದೆ ಎಂದು ಕವಿ ಜ್ಯೋತಿಪ್ರಕಾಶ್ ಎಂಬ ವೈದ್ಯರನ್ನು ಕೇಳಿದ್ದರು. ಏನೂ ಗೊತ್ತಾಗುವುದಿಲ್ಲ, ಸೂಜಿ ಚುಚ್ಚಿದ್ದಷ್ಟೇ, ಈ ಕಡೆ ಆಪರೇಷನ್ ಆಗುತ್ತಿದ್ದರೆ ಆ ಕಡೆ ನೀವು ಕವಿತೆ ಕಟ್ಟುತ್ತಿರಬಹುದು ಎಂಬಂಥ ಉತ್ತರ ಸಿಕ್ಕಿತು. ಮಾಡಿದ್ದು ಲೋಕಲ್ ಅನಸ್ತೀಸಿಯಾದಲ್ಲಿ, ಅಂದರೆ ಎಚ್ಚರವಿದ್ದಂತೆಯೇ ಕೊಯ್ಯುವ ಜಾಗವನ್ನಷ್ಟೇ ಮರಗಟ್ಟಿಸಿ. ಮುಗಿದಮೇಲೆ ಕವಿ ತಮ್ಮ ಆಪ್ತರಾದ ನಿರ್ಮಲಕುಮಾರಿ ಮಹಲನೋಬಿಸ್ ಅವರ ಹತ್ತಿರ ಹೇಳಿಕೊಂಡರು: ಜ್ಯೋತಿ ಸುಳ್ಳು ಹೇಳಿದ, ತುಂಬ ನೋವಾಯಿತು, ಕಣ್ಣುಮುಚ್ಚಿ ತುಟಿ ಬಿಗಿಹಿಡಿದು ಬಿದ್ದುಕೊಂಡಿದ್ದೆ ಎಂದು. ಬೆಳಗ್ಗೆ ಬರೆಸಿದ ಕವಿತೆ ಶುರುವಾಗುವುದೇ ಸೃಷ್ಟಿಯ ದಾರಿಯುದ್ದಕ್ಕೂ ಹರಡಿದ ವಂಚನೆಯ ಬಲೆಯಿಂದ. ಅದು ಡಾಕ್ಟರರ ಮೇಲೆ ಬರೆದದ್ದಲ್ಲ, ಬಹಳ ದೊಡ್ಡ ಮಾತು ಅದು. ಆದರೂ ಅಂಥದ್ದನ್ನು ಬರೆಸಬಲ್ಲ ಮನುಷ್ಯನಿಗೆ ಒಂದು ಕೊಯ್ತದ ನೋವಿನ ಸತ್ಯ ತಡೆಯಲಾಗುವುದಿಲ್ಲ ಎಂದುಕೊಂಡರಲ್ಲ!

ಅವರು ಪ್ರೀತಿಯಿಂದಲೇ ಮುಚ್ಚಿಟ್ಟರು, ಅದು ನನಗೆ ಗೊತ್ತು. ದೊಡ್ಡ ಹೆಸರಿನ ರೋಗಿ ಬಂದರೆ ವಾರ್ಡೇ ಬದಲಾಗುತ್ತದೆ. ರೌಂಡ್ಸಿಗೆ ಬಂದವರು ರೋಗಿಗೆ ಕೈಮುಗಿಯುತ್ತಾರೆ, ಕುಶಲ ಕೇಳುತ್ತಾರೆ, ವಿಷಯವನ್ನು ಮಾತ್ರ ಬಾಗಿಲ ಹೊರಗೆ ಮಗನಿಗೋ ಅಳಿಯನಿಗೋ ಹೇಳುತ್ತಾರೆ. ನಮ್ಮಲ್ಲೂ ಅಂಥವರು ಬಂದದ್ದುಂಟು. ಸಾಮಾನ್ಯ ರೈತ ಅಜ್ಜನಿಗೆ ಸಿಗುತ್ತಿದ್ದ ನೇರ ಉತ್ತರ ಅವರಿಗೆ ಸಿಗುತ್ತಿರಲಿಲ್ಲ.

ಆಪರೇಷನ್ ಆದಮೇಲೆ ಕವಿಗೆ ಜ್ವರ ಬಂತು, ಬಿಕ್ಕಳಿಕೆ ಹಿಡಿಯಿತು, ಕಿಡ್ನಿ ಸೋತಿತು. ಆಗಸ್ಟ್ 7ರ ಮಧ್ಯಾಹ್ನ ತೀರಿಕೊಂಡರು. ಕವಿತೆಯನ್ನು ತಿದ್ದಲು ಆಗಲೇ ಇಲ್ಲ.

ಆಪರೇಷನ್ ಥಿಯೇಟರಿಗೆ ಕರೆದೊಯ್ಯುವ ಮುಂಚೆ ನಮ್ಮ ಧಾರವಾಡ ಕಡೆಯ ಅಜ್ಜಂದಿರು ಕೇಳುತ್ತಿದ್ದದ್ದು ಒಂದೇ: “ಭಾಳ ನೋವಾಕ್ಕೈತೇನವಾ?” ಲೋಕಲ್ ಕೇಸ್ ಆದರೆ ನಾನು ಹೇಳುತ್ತಿದ್ದೆ: “ಸೂಜಿ ಚುಚ್ಚೂ ಮುಂದ ನೋವಾಕ್ಕೈತಿ ಅಜ್ಜಾ. ಆಮ್ಯಾಲೆ ಒಳಗ ಎಳದಂಗಾಕ್ಕೈತಿ. ತಡಿಯಾಕ ಆಗಲಿಲ್ಲಂದ್ರ ಹೇಳ್ರಿ, ಡಾಕ್ಟ್ರು ಇನ್ನಷ್ಟು ಔಷಧ ಕೊಡ್ತಾರ.” ಹೀಗೆಲ್ಲ ಹೇಳಿ ಹೆದರಿಸಬೇಡಿ ಸಿಸ್ಟರ್ ಎಂದು ಒಬ್ಬ ಸರ್ಜನ್ ಗದರಿದ್ದರು. ಹೆದರಿ ಟೇಬಲ್ಲಿನಿಂದ ಎದ್ದುಹೋದವರನ್ನು ನಾನು ನೋಡಿಲ್ಲ. ಒಬ್ಬರು ನಡುವೆ “ಯವ್ವಾ, ಈಗ ಆಗಾಕತ್ತೈತಿ” ಅಂದರು. ಅದೇ ಸರ್ಜನ್ ಕೈ ತಡೆದು ಇನ್ನೊಂದು ಡೋಸ್ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಆಮೇಲೆ ಮುಂದುವರಿಸಿದರು.